ಅಣ್ಣನ ಸಕ್ಕರೆಮನೆಗೆ ನಾನು ಕಟ್ಟಿದ ಹಬೆಗೂಡು

ಫೆಬ್ರವರಿ 2, 1959, ಸೋಮವಾರ

ರೋಮಿನಿಂದ ನನಗೆ ಕಾಗದ ಬಂದಿತ್ತು. ಕಳೆದ ಅಕ್ಟೋಬರಿನಲ್ಲಿ ಹೊಸ ಪೋಪರನ್ನು ಆರಿಸುವಾಗ ಚಿಮಣಿಯ ಹೊಗೆ ಕಪ್ಪೋ ಬಿಳಿಯೋ ತಿಳಿಯದೆ ಅಲ್ಲಿನ ಜನ ಒದ್ದಾಡಿದರಲ್ಲ, ಆಗ ಕಾರ್ಡಿನಲ್‌ಗಳೆಲ್ಲ ಸೇರಿ, ಬೋಸ್ ಸೀಮೆಯ ಫಿಲೆಮೋನ್ ಲಗೂ ಅವರನ್ನು ಬಿಟ್ಟರೆ ಹೊಗೆಗೆ ದಾರಿ ತೋರಿಸುವವರು ಭೂಮಿಯ ಮೇಲೆ ಇನ್ನೊಬ್ಬರಿಲ್ಲ ಎಂದು ತೀರ್ಮಾನಿಸಿ ನನಗೆ ಬರೆದಿದ್ದರು. ಆಲೂಗಡ್ಡೆ ಕೀಳುವ ಕಾಲ, ಬರಲಾಗುವುದಿಲ್ಲ ಎಂದು ತಿಳಿಸಿದೆ. ಕಾಗದವನ್ನು ಇಲಿ ತಿಂದಿತು.

ಇದನ್ನು ಊರಲ್ಲಿ ಹೇಳಿದರೆ ನಗುತ್ತಾರೆ. "ಬಾಯಿ ಸುಮ್ಮನಿರದಿದ್ದರೆ ಒಂದು ಪುಸ್ತಕ ಇಟ್ಕೋ ಫಿಲೆಮೋನ್, ಅದರಲ್ಲಿ ಬರಿ. ಊರಿಗಾದ್ರೂ ನೆಮ್ಮದಿ" ಎಂದು ಪಾದ್ರಿಗಳು ಪಾಪನಿವೇದನೆಯ ದಿನ ಹೇಳಿದರು. ಅದಕ್ಕೇ ಈ ಪುಸ್ತಕ. ಇದನ್ನು ಓದುವವನೂ ನಾನೇ.

ಇವತ್ತು ಮೇಣದ ಬತ್ತಿಯ ಹಬ್ಬ. ಅಣ್ಣನ ಮಗಳು ಫ್ಲೋರಾಂಜ್ ತಟ್ಟೆ ತುಂಬ ತೆಳುದೋಸೆ ತಂದುಕೊಟ್ಟಳು. ಮೂವತ್ತು ದಾಟಿದ ಹೆಂಗಸು. ಕೇಳಿ ಬಂದ ಗಂಡುಗಳನ್ನೆಲ್ಲ "ನನ್ನಷ್ಟು ಸೌದೆ ಒಡೀತೀಯಾ?" ಎಂದು ಕೇಳಿ ಓಡಿಸಿದವಳು. ನಾನು ದೋಸೆ ಮಡಚುತ್ತಿರುವಾಗ ಕೇಳಿದಳು:

"ಚಿಕ್ಕಪ್ಪಾ, ಛಾವಣಿ ಕೊಯ್ಯೋದು ಬರುತ್ತಾ ನಿಂಗೆ?"

"ಬರುತ್ತಾ ಅಂತ ಕೇಳ್ತೀಯಲ್ಲೇ! ರೋಮಿನಲ್ಲಿ..."

"ರೋಮು ಇರ್ಲಿ. ಬರುತ್ತೋ ಇಲ್ವೋ ಹೇಳು."

"ಬರುತ್ತೆ."

ಸಂಗತಿ ಇಷ್ಟು. ಕಳೆದ ಏಪ್ರಿಲ್‌ನಲ್ಲಿ ಅಣ್ಣ ಅಲ್ಸೀದ್, ಮೇಪಲ್ ಮರದ ನೀರನ್ನು ಕಾಯಿಸಿ ಪಾಕ ಮಾಡುವ ಸಕ್ಕರೆಮನೆಯ ಹಬೆಯೊಳಗೆ ಕಣ್ಣು ಕಾಣದೆ, ಕೊಪ್ಪರಿಗೆಯ ಅಂಚು ಎಂದುಕೊಂಡು ಕುದಿಯುವ ಪಾಕಕ್ಕೇ ಕೈಯೂರಿದ. ಬಲಗೈಯ ಬೆರಳು ಈಗ ಮಡಚುವುದಿಲ್ಲ. ಇನ್ನು ಪಾಕ ಕಾಯಿಸುವುದು ಅವನಿಂದಾಗದು. ಎರಡು ಸಾವಿರ ಮೇಪಲ್ ಮರಗಳ ಆ ಕಾಡನ್ನು ಪಕ್ಕದ ಒರ್ಮಿದಾಸ್‌ಗೆ ಮಾರಿಬಿಡುತ್ತೇನೆ ಎಂದ. ಒರ್ಮಿದಾಸ್ ಮರ ಕಡಿದು ನೆಲಹಾಸಿನ ಹಲಗೆ ಮಾಡುತ್ತಾನಂತೆ. ಫ್ಲೋರಾಂಜ್ ಅಪ್ಪನೆದುರು ನಿಂತು ಜಗಳವಾಡಿದಳು. ಕೊನೆಗೆ ಅಣ್ಣ ಒಂದು ಮಾತು ಕೊಟ್ಟ. ಈ ವಸಂತದಲ್ಲಿ ಅವಳು ಹತ್ತು ಪೀಪಾಯಿ ಪಾಕ ಕಾಯಿಸಿ ಮಾರಿದರೆ ಕಾಡು ಅವಳದು. ಒಂಬತ್ತಾದರೂ ಒರ್ಮಿದಾಸ್‌ನದು.

ಅವಳಿಗೆ ಬೇಕಾದದ್ದು ಹಬೆ ಒಳಗೆ ಉಳಿಯದ ಸಕ್ಕರೆಮನೆ. ಕೈ ಎಲ್ಲಿದೆ, ಪಾಕ ಎಲ್ಲಿದೆ ಎಂದು ಕಾಣಬೇಕು.

"ಮಲಗಿಕೋ ಹೋಗು. ಕಟ್ಟೋನು ನಾನು" ಎಂದೆ. ದೋಸೆ ಚೆನ್ನಾಗಿತ್ತು.

ಫೆಬ್ರವರಿ 11, ಬುಧವಾರ

ಚರ್ಚಿನಲ್ಲಿ ಹಣೆಯ ಮೇಲೆ ಬೂದಿ ಹಾಕಿಸಿಕೊಂಡು ಬಂದು ನಕ್ಷೆ ಬರೆದೆ. ಹಳೆಯ ಕ್ಯಾಲೆಂಡರಿನ ಹಿಂಬದಿ ಸಾಲದೆ ಎರಡು ಹಾಳೆ ಅಂಟಿಸಬೇಕಾಯಿತು.

ಹಬೆಗೂಡು ಎಂದರೆ ಛಾವಣಿಯ ಬೆನ್ನ ಮೇಲೆ ಕೂರುವ ಇನ್ನೊಂದು ಪುಟ್ಟ ಛಾವಣಿ. ಕೊಪ್ಪರಿಗೆಯಷ್ಟೇ ಉದ್ದ ಇರಬೇಕು, ಅದರ ನೆತ್ತಿಗೆ ಸರಿಯಾಗಿ ಕೂರಬೇಕು. ಎರಡು ಪಕ್ಕದಲ್ಲೂ ಉದ್ದ ಕದ, ಕದಕ್ಕೆ ಹಗ್ಗ, ಹಗ್ಗಕ್ಕೆ ರಾಟೆ. ಕೆಳಗೆ ನಿಂತು ಎಳೆದರೆ ಕದ ತೆರೆಯಬೇಕು. ಗಾಳಿ ಬಡಿಯುವ ಕಡೆಯದನ್ನು ಮುಚ್ಚಿ ಆಚೆ ಕಡೆಯದನ್ನು ತೆರೆದರೆ ಹಬೆ ತಾನಾಗಿ ಹೋಗುತ್ತದೆ. ಇಷ್ಟನ್ನು ಯಾವ ಬಡಗಿಯೂ ಮಾಡಿಯಾನು. ನನ್ನದು ಅದರ ಎರಡರಷ್ಟು ಎತ್ತರ. ಯಾಕೆಂದರೆ ಭಾನುವಾರ ಪೂಜೆ ಮುಗಿಸಿ ಚರ್ಚಿನ ಮೆಟ್ಟಿಲಿಳಿಯುವವರಿಗೆ ಅದು ಕಾಣಬೇಕು. ನೆತ್ತಿಯ ಮೇಲೆ ಗಾಳಿ ತೋರಿಸುವ ತಗಡಿನ ಹುಂಜ, ಹುಂಜದ ಎದೆಯ ಮೇಲೆ ನನ್ನ ಹೆಸರು.

ಹೆಸರಿನ ವಿಷಯ ಬಂತು, ಇದನ್ನೂ ಬರೆದಿಡುತ್ತೇನೆ. ಸಮಾಧಿ ಕಲ್ಲಿಗೆ ನಾನು ಕೂಡಿಟ್ಟ ದುಡ್ಡು ನೆಲದ ಹಲಗೆಯ ಕೆಳಗಿನ ಡಬ್ಬಿಯಲ್ಲಿ ಬೆಳೆಯುತ್ತಿದೆ. ಬೂದು ಗ್ರಾನೈಟ್, ಒರ್ಮಿದಾಸ್ ಮನೆಯವರ ಕಲ್ಲಿಗಿಂತ ಒಂದು ಗೇಣು ಎತ್ತರ. ಕಲ್ಲುಕುಟಿಗ ಅಕ್ಷರಕ್ಕಿಷ್ಟು ಎಂದು ತೆಗೆದುಕೊಳ್ಳುತ್ತಾನೆ. "ನಿಂಗೆ ಬೇಕಾಗಿರೋದನ್ನೆಲ್ಲ ಕೆತ್ತಿದ್ರೆ ಕಲ್ಲಿನ ಹಿಂದುಗಡೆಗೂ ಹೋಗ್ಬೇಕಾಗುತ್ತಪ್ಪ" ಎಂದ. ಹೋಗು ಎಂದೆ.

ಫೆಬ್ರವರಿ 24, ಮಂಗಳವಾರ

ಏರಿತು! ಮೂಗಿನ ತುದಿ ಸೆಟೆಯುವ ಚಳಿಯಲ್ಲಿ ಛಾವಣಿಯ ಮೇಲೆ ಕೂತು ಹಲಗೆ ಕೊಯ್ದೆ. ಫ್ಲೋರಾಂಜ್ ಕೆಳಗಿನಿಂದ ತಗಡು ಎತ್ತಿಕೊಟ್ಟಳು. ಕೊನೆಗೆ ಹುಂಜ ನಿಲ್ಲಿಸುವಾಗ ಒರ್ಮಿದಾಸ್ ಹಿಮದ ಬೂಟು ಎಳೆದುಕೊಂಡು ಬಂದು ಕತ್ತು ಎತ್ತಿ ನಿಂತ.

"ಏನಯ್ಯಾ ಇದು ಫಿಲೆಮೋನ್, ಕೋಳಿಗೂಡೋ, ಇನ್ನೊಂದು ಚರ್ಚೋ?"

"ನಿನ್ನಂಥೋರು ಬಂದು ಪ್ರಾರ್ಥನೆ ಮಾಡ್ಲಿ ಅಂತ ಕಟ್ಟಿದ್ದು."

"ಕಾಡು ನನ್ನ ಕೈಗೆ ಬಂದ್ಮೇಲೆ ಇದ್ರಲ್ಲಿ ಪಾರಿವಾಳ ಸಾಕ್ತೀನಿ. ನಿನ್ನ ಹೆಸರೇ ಇಡ್ತೀನಿ ಬಿಡು, ದಪ್ಪ ಪಾರಿವಾಳಕ್ಕೆ."

ಫ್ಲೋರಾಂಜ್ ನಗಲಿಲ್ಲ. ಹೊಗೆಕೊಳವೆಯನ್ನೇ ನೋಡುತ್ತಿದ್ದಳು. "ಚಿಕ್ಕಪ್ಪಾ, ಗೂಡು ಕೊಳವೆಗಿಂತ ಎತ್ತರ ಆಯ್ತಲ್ವಾ?"

"ಹಬೆ ದೊಡ್ಡದು, ಹೊಗೆ ಚಿಕ್ಕದು. ದೊಡ್ಡದಕ್ಕೆ ಎತ್ತರದ ಜಾಗ" ಎಂದೆ. ಇಂಥ ಉತ್ತರ ನನಗೆ ಯೋಚಿಸದೆಯೇ ಬರುತ್ತದೆ.

ಮಾರ್ಚ್ 6, ಶುಕ್ರವಾರ

ಗೂಡು ಮುಗಿದರೂ ನನ್ನ ಕೈ ಸುಮ್ಮನಿರಲಿಲ್ಲ. ಅಣ್ಣನ ಸಕ್ಕರೆಮನೆಯ ಗೋಡೆ ನೋಡಿದರೆ ನಾಚಿಕೆಯಾಗುತ್ತದೆ. ಹಲಗೆ ಹಲಗೆಯ ನಡುವೆ ಬೆರಳು ತೂರುವಷ್ಟು ಸಂದು. ನಮ್ಮಲ್ಲಿ ನವೆಂಬರ್ ಬಂದರೆ ಒಂದು ಸಂದು ಬಿಟ್ಟವನನ್ನೂ ಜನ ಆಡಿಕೊಳ್ಳುತ್ತಾರೆ. ನಮ್ಮಪ್ಪ ಸಾಯುವ ಗಳಿಗೆಯಲ್ಲೂ ಪಾದ್ರಿಗಳ ಕೈ ಹಿಡಿದುಕೊಂಡು, "ಆ ಉತ್ತರದ ಕಿಟಕಿ ಸಂದು ನೋಡ್ರೋ" ಅಂದವನು.

ಈ ಒಂದು ವಾರ ನಾರು, ಪಾಚಿ, ನನ್ನ ಎರಡು ಹಳೆಯ ಉಣ್ಣೆ ಅಂಗಿ ಎಲ್ಲವನ್ನೂ ಉಳಿಯಿಂದ ಸಂದಿಗೆ ತುರುಕಿದೆ. ನೆಲದ ಹತ್ತಿರದ ಸಂದಿಗೆ ಮಣ್ಣು ಮೆತ್ತಿದೆ. ಬಾಗಿಲಿಗೆ ಸುತ್ತ ಚರ್ಮದ ಪಟ್ಟಿ ಹೊಡೆದೆ.

"ಅಪ್ಪ ಯಾವತ್ತೂ ಇದನ್ನ ಮುಚ್ಚಿರ್ಲಿಲ್ಲ ಚಿಕ್ಕಪ್ಪಾ."

"ನಿಮ್ಮಪ್ಪ ಹುಟ್ಟು ಸೋಮಾರಿ ಕಣಮ್ಮಾ."

ಸಂಜೆ ಒಳಗೆ ಮೇಣದ ಬತ್ತಿ ಹಚ್ಚಿ ನೆಲದ ಮೇಲಿಟ್ಟೆ. ಹೊರಗೆ ಗಾಳಿ ಬೊಬ್ಬಿರಿಯುತ್ತಿದೆ, ಒಳಗೆ ಜ್ವಾಲೆ ಚಿತ್ರದಲ್ಲಿ ಬರೆದ ಹಾಗೆ ನಿಂತಿದೆ! ಫ್ಲೋರಾಂಜ್‌ಳನ್ನು ಕರೆದು ತೋರಿಸಿದೆ. ಬಿಷಪ್ಪರು ಬಂದು ಇಲ್ಲಿ ಮಲಗಬಹುದು.

ಮಾರ್ಚ್ 17, ಮಂಗಳವಾರ

ಮರದ ನೀರು ಇಳಿಯಿತು. ರಾತ್ರಿ ಹೆಪ್ಪುಗಟ್ಟಿ ಹಗಲು ಬಿಸಿಲು ಬಿದ್ದ ಮೊದಲ ದಿನವೇ ಮರಗಳಿಗೆ ಕಟ್ಟಿದ ಬಕೆಟ್ಟುಗಳಲ್ಲಿ ಟಿಕ್ ಟಿಕ್ ಶುರುವಾಯಿತು. ಕುದುರೆ ಎಳೆದು ತಂದ ತೊಟ್ಟಿ ತುಂಬಿ ತುಳುಕುತ್ತಿತ್ತು. ಮಧ್ಯಾಹ್ನ ಒಲೆ ಹಚ್ಚಿದೆವು. ಫ್ಲೋರಾಂಜ್ ಕೊಪ್ಪರಿಗೆಯ ಮೇಲೆ ದಾರದಲ್ಲಿ ಉಪ್ಪುಹಾಕಿದ ಹಂದಿ ಕೊಬ್ಬಿನ ತುಂಡು ಕಟ್ಟಿದಳು. ನೊರೆ ಉಕ್ಕಿ ಕೊಬ್ಬಿಗೆ ತಾಗಿದರೆ ತಾನೇ ಇಳಿದುಬಿಡುತ್ತದೆ, ಅಜ್ಜಿಯ ಕಾಲದ ಪದ್ಧತಿ.

ನಾನು ಹಗ್ಗ ಎಳೆದೆ. ಕದ ತೆರೆಯಿತು. ಹಬೆ ಎದ್ದು, ಒಂದು ಸಲ ಸುತ್ತಿ, ನೆಟ್ಟಗೆ ಮೇಲಕ್ಕೆ ಹೋಯಿತು. ನಾನು ಟೊಪ್ಪಿ ತೆಗೆದೆ.

ಒಂದು ಜಪಮಾಲೆ ಮುಗಿಸುವಷ್ಟು ಹೊತ್ತಿರಬಹುದು. ಆಮೇಲೆ ಒಲೆ ಕೆಮ್ಮಿತು. ಅದಕ್ಕೆ ಬೇರೆ ಪದವಿಲ್ಲ. ಒಲೆಬಾಯಿಯಿಂದ ಹೊಗೆ ನಮ್ಮ ಕಡೆಗೆ ಬಂತು. ಕೊಳವೆಯಿಂದ ಹೊರಗೆ ಹೋಗಬೇಕಾದ ಹೊಗೆ ಮತ್ತೆ ಕೆಳಗಿಳಿದು ಒಳಗೇ ಸುರಿಯಿತು. ಹಬೆಯೂ ಹೊಗೆಯೂ ಸೇರಿ ಏನೂ ಕಾಣದಾಯಿತು. ಕದ ಮುಚ್ಚಿದೆ, ತೆರೆದೆ, ಈ ಪಕ್ಕ, ಆ ಪಕ್ಕ. ಮಸಿ ತುಂಬಿದ ಹನಿಗಳು ಮೇಲಿಂದ ಕೊಪ್ಪರಿಗೆಗೆ ಟಪಟಪ ಬೀಳುತ್ತಿದ್ದವು.

ಫ್ಲೋರಾಂಜ್ ಬಾಗಿಲು ತೆಗೆದಳು.

"ಬಾಗಿಲು ಹಾಕೇ! ಬೆಚ್ಚಗಿರೋದೆಲ್ಲ ಹೊರಗೆ ಹೋಗ್ತಿದೆ, ಕೊಪ್ಪರಿಗೆ ತಣ್ಣಗಾಗುತ್ತೆ!"

ಹಾಕಿದಳು. ಸೌದೆ ತುಂಬುತ್ತಾ, ಕಣ್ಣೊರೆಸಿಕೊಳ್ಳುತ್ತಾ ಸಂಜೆಯವರೆಗೆ ಕಾಯಿಸಿದಳು.

ಗಾಳಿಯ ದಿಕ್ಕು ಸರಿ ಇರಲಿಲ್ಲ.

ಮಾರ್ಚ್ 18

ಗಾಳಿಯ ದಿಕ್ಕು ಬದಲಾಯಿತು. ಹೊಗೆ ಬದಲಾಗಲಿಲ್ಲ.

ಮಾರ್ಚ್ 21, ಶನಿವಾರ

ತಗಡು ಮಾರಿದವನು ಮೋಸ ಮಾಡಿದ್ದಾನೆ ಎಂದು ಮೊದಲು ಅಂದುಕೊಂಡೆ. ಆಮೇಲೆ ಚಂದ್ರನ ಮೇಲೆ ಅನುಮಾನ ಬಂತು. ಇವತ್ತು ಏಣಿ ಹಾಕಿ ಹೊಗೆಕೊಳವೆಗೆ ಇನ್ನೆರಡು ತುಂಡು ಸೇರಿಸಿ ಗೂಡಿಗಿಂತ ಎತ್ತರ ಮಾಡಿದೆ. ಕೆಳಗಿಳಿದು ಬಂದಾಗ ಮುಖದಲ್ಲಿ ಹಲ್ಲು ಮಾತ್ರ ಬೆಳ್ಳಗಿತ್ತಂತೆ. ಒರ್ಮಿದಾಸ್ ಬೇಲಿಯ ಆಚೆಯಿಂದ ಕೂಗಿದ: "ಹೊಸ ಪೋಪ್ ಸಿಕ್ಕಿದ್ರಾ ಫಿಲೆಮೋನ್?"

ಕೊಳವೆ ಎತ್ತರಿಸಿದ್ದರಿಂದ ಏನೂ ಆಗಲಿಲ್ಲ. ಏನೂ ಆಗಲಿಲ್ಲ ಎಂದರೆ ಹೊಗೆ ಇನ್ನಷ್ಟು ಎತ್ತರದಿಂದ ಕೆಳಗಿಳಿಯಿತು.

ಎರಡು ಪೀಪಾಯಿ ತುಂಬಿವೆ. ನಾನು ಒಂದು ಬೆರಳು ಅದ್ದಿ ನೆಕ್ಕಿದೆ. ಹಂದಿ ತೊಡೆಯನ್ನು ಹೊಗೆಯಲ್ಲಿ ಒಣಗಿಸುವ ಅಟ್ಟವನ್ನೇ ನೆಕ್ಕಿದ ಹಾಗಿತ್ತು. ಫ್ಲೋರಾಂಜ್ ನನ್ನ ಮುಖ ನೋಡುತ್ತಿದ್ದಳು. "ಚೆನ್ನಾಗಿದೆ" ಎಂದೆ.

"ಹೌದಾ" ಎಂದಳು.

ನಷ್ಟ ಹೆಚ್ಚೇನಿಲ್ಲ. ತಗಡು, ಮೊಳೆ, ರಾಟೆ ಎಲ್ಲ ಸೇರಿ ನನ್ನ ಕೈಯಿಂದ ಹೋದದ್ದು ಐದಾರು ಡಾಲರು.

ಮಾರ್ಚ್ 24, ಮಂಗಳವಾರ

ಮೂರನೆಯ ಪೀಪಾಯಿಯೂ ಹಾಗೇ ಆಯಿತು.

ಮರದ ನೀರು ಹಾಲಿನ ಹಾಗೆ. ಬಿಸಿಲು ಹತ್ತಿದರೆ ಹುಳಿಯುತ್ತದೆ, ಇಳಿದ ದಿನವೇ ಕಾಯಿಸಬೇಕು. ಕಾಯಿಸಿದರೆ ಹೊಗೆ, ಬಿಟ್ಟರೆ ಹುಳಿ. ಕಾಡಿಗೆ ಹೋದೆ. ಬಕೆಟ್ಟುಗಳೆಲ್ಲ ತುಂಬಿ ಹರಿದು ಹಿಮದಲ್ಲಿ ತೂತು ಬೀಳುತ್ತಿತ್ತು. ಎರಡು ಸಾವಿರ ಮರ ಒಟ್ಟಿಗೆ ತೊಟ್ಟಿಕ್ಕುವ ಸದ್ದು. ಪ್ರತಿ ವರ್ಷ ಆ ಸದ್ದು ಕೇಳಿದರೆ ನಾನು ಹಾಡುತ್ತಿದ್ದೆ. ಇವತ್ತು ಟೊಪ್ಪಿಯ ಕಿವಿ ಇಳಿಸಿಕೊಂಡು ಬಂದೆ.

ಮಾರ್ಚ್ 27, ಶುಭ ಶುಕ್ರವಾರ

ಇವತ್ತು ಮರಕ್ಕೆ ಕೈ ಹಚ್ಚುವಂತಿಲ್ಲ. ಕೊರೆದರೆ ರಕ್ತ ಬರುತ್ತದೆ ಎನ್ನುತ್ತಾರೆ. ಒಲೆಯನ್ನೂ ಹಚ್ಚಲಿಲ್ಲ. ತಣ್ಣಗಿನ ಸಕ್ಕರೆಮನೆಯಲ್ಲಿ ನೆಲದ ಮೇಲೆ ಅಂಗಾತ ಮಲಗಿ ನನ್ನ ಗೂಡನ್ನು ಕೆಳಗಿನಿಂದ ನೋಡಿದೆ. ಕದ ಸರಿಯಾಗಿದೆ. ಹಗ್ಗ ಸರಿಯಾಗಿದೆ. ಕೊಪ್ಪರಿಗೆಯ ನೆತ್ತಿಗೆ ಸರಿಯಾಗಿ ಕೂತಿದೆ. ಎಲ್ಲ ಸರಿಯಾಗಿದೆ.

ಎಲ್ಲ ಸರಿಯಿದ್ದ ಮೇಲೆ ಏನನ್ನು ಸರಿ ಮಾಡಲಿ?

ಮಾರ್ಚ್ 29, ಈಸ್ಟರ್

ಸೂರ್ಯ ಹುಟ್ಟುವ ಮುಂಚೆ ತೊರೆಗೆ ಹೋಗಿ ಯಾರೊಂದಿಗೂ ಮಾತಾಡದೆ ಬಾಟಲಿಯಲ್ಲಿ ಈಸ್ಟರ್ ನೀರು ತುಂಬಿಸಿ ತಂದೆ. ಕಣ್ಣಿಗೆ ಹಚ್ಚಿದರೆ ಕಣ್ಣು, ಗಂಟಿಗೆ ಹಚ್ಚಿದರೆ ಗಂಟು ವಾಸಿಯಾಗುತ್ತದೆ. ಎಲ್ಲರೂ ಪೂಜೆಗೆ ಹೊರಡುವ ಮುಂಚೆ ಸಕ್ಕರೆಮನೆಗೆ ಹೋಗಿ ಒಲೆ ಹಚ್ಚಿ, ಬಿಸಿ ಕೊಳವೆಗೆ ಅದನ್ನು ಚಿಮುಕಿಸಿದೆ. ಚುಂಯ್ ಎಂದಿತು. ಅಷ್ಟೇ.

ಮಧ್ಯಾಹ್ನ ಅಣ್ಣನ ಮನೆಯಲ್ಲಿ ಊಟ. ಅಣ್ಣ ಎಡಗೈಯಲ್ಲಿ ಮಾಂಸ ಕುಯ್ಯಲು ಹೆಣಗುತ್ತಿದ್ದ. ಫ್ಲೋರಾಂಜ್ ತಟ್ಟೆ ಎಳೆದುಕೊಂಡು ಕುಯ್ದು ಕೊಟ್ಟಳು.

"ಎಷ್ಟಾಯ್ತು?" ಎಂದ ಅಣ್ಣ.

"ಮೂರು."

"ಒಳ್ಳೇದಾ?"

ಅವಳು ನನ್ನ ಕಡೆ ನೋಡಲಿಲ್ಲ. ನೋಡಬಹುದಿತ್ತು. "ಮೂರಪ್ಪ" ಎಂದಳು ಮತ್ತೆ.

"ಲೋ ಫಿಲೆಮೋನ್, ಏನೂ ಹೇಳ್ತಿಲ್ಲ ನೀನು? ಮೈ ಹುಷಾರಿಲ್ವೇನೋ?"

ಬಾಯಿ ತುಂಬ ಮೊಟ್ಟೆ ಇತ್ತು ನನಗೆ.

ಮಾರ್ಚ್ 31, ಮಂಗಳವಾರ

ಇವತ್ತಿನದನ್ನು ಇವತ್ತೇ ಬರೆಯುತ್ತೇನೆ.

ಬೆಳಗಿನಿಂದ ನೀರು ಭರ್ಜರಿಯಾಗಿ ಇಳಿದಿತ್ತು. ಒಲೆ ಹಚ್ಚಿದೆವು. ಹೊಗೆ ಬಂತು. ನಾನು ಹಗ್ಗ ಹಿಡಿದು ಎಡಕ್ಕೂ ಬಲಕ್ಕೂ ಓಡುತ್ತಿದ್ದೆ. ಫ್ಲೋರಾಂಜ್ ಕೊಪ್ಪರಿಗೆಯ ಆಚೆ ಬದಿಯಲ್ಲಿದ್ದಳು, ಕಾಣುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಸೌಟು ಕಲ್ಲಿನ ಮೇಲೆ ಬಿದ್ದ ಸದ್ದು, ಆಮೇಲೆ ಕೆಮ್ಮು. ನಿಲ್ಲದ ಕೆಮ್ಮು.

"ಎಲ್ಲಿದ್ದೀಯೇ?" ಎಂದು ಕೂಗಿದೆ. ಕೊಪ್ಪರಿಗೆಯ ಅಂಚು ಎಲ್ಲಿ, ಅವಳ ಕೈ ಎಲ್ಲಿ? ಕಳೆದ ಏಪ್ರಿಲ್‌ನಲ್ಲಿ ಕೈ ಸುಟ್ಟಾಗಿನ ಅಣ್ಣನ ಕೂಗು ನನ್ನ ಕಿವಿಯಲ್ಲಿ ಮತ್ತೆ ಕೇಳಿತು. ಒಂದು ಹೆಜ್ಜೆಯೂ ಇಡಲಾಗಲಿಲ್ಲ ನನ್ನಿಂದ. ಹಗ್ಗ ಹಿಡಿದುಕೊಂಡು ನಿಂತೇ ಇದ್ದೆ.

ಆಮೇಲೆ ಧಡ್ ಎಂದು ಸದ್ದಾಯಿತು. ಇನ್ನೊಂದು ಧಡ್. ಅವಳು ನೆಲದ ಮೇಲೆ ತೆವಳಿಕೊಂಡು ಹೋಗಿ ಸೌದೆಯ ಕೊಡಲಿ ಹಿಡಿದು ಗೋಡೆಯ ಕೆಳಗಿನ ಹಲಗೆ ಒಡೆಯುತ್ತಿದ್ದಳು. ಮೂಗು ಹೊರಗಿಡಲು ಒಂದು ತೂತು ಬೇಕಿತ್ತು, ಅಷ್ಟೇ. ನನ್ನ ಮಣ್ಣು, ನನ್ನ ಪಾಚಿ, ನನ್ನ ಉಣ್ಣೆ ಅಂಗಿಯ ತೋಳು ಎಲ್ಲ ಚೂರಾಗಿ ಹಾರಿದವು. ಎರಡು ಹಲಗೆ ಬಿದ್ದವು.

ತಣ್ಣನೆಯ ಗಾಳಿ ನನ್ನ ಕಣಕಾಲಿನ ಪಕ್ಕ ಸರಿದು ಹೋಯಿತು.

ಒಲೆ ಒಂದು ಉಸಿರು ಎಳೆದುಕೊಂಡಿತು. ಒಲೆಬಾಯಿಯ ಹೊಗೆ ಹಿಂದಕ್ಕೆ ಹೋಯಿತು. ಬೆಂಕಿ ಗರ್ಜಿಸಿತು. ಹಬೆ, ಎಲ್ಲ ಹಬೆಯೂ, ಯಾರೋ ಮೇಲಿಂದ ಕೂದಲು ಹಿಡಿದೆಳೆದ ಹಾಗೆ ನೆಟ್ಟಗೆ ನನ್ನ ಗೂಡಿಗೆ ಏರಿತು. ಕೊಪ್ಪರಿಗೆಯ ಆಚೆ ಬದಿ ಕಂಡಿತು. ಮಂಡಿಯೂರಿ ಕೂತ ಫ್ಲೋರಾಂಜ್ ಕಂಡಳು. ಎರಡು ಕೈಯೂ ಇದ್ದವು.

ಅವಳು ಮೇಲೆ ನೋಡಿದಳು, ತೂತನ್ನು ನೋಡಿದಳು, ಆಮೇಲೆ ನನ್ನನ್ನು.

"ಚಿಕ್ಕಪ್ಪಾ, ನೀನು ಇದರ ಮೂಗು ಮುಚ್ಚಿದ್ದೆ."

"ಅದನ್ನೇ ನಾನೂ ಹೇಳ್ಬೇಕು ಅಂತಿದ್ದೆ..."

"ನಿನ್ನ ಗೂಡು ಗಾಳಿ ಎಳೀತಿತ್ತು. ಒಳಗೆ ಬರೋಕೆ ಬೇರೆ ದಾರಿ ಇರ್ಲಿಲ್ಲ. ಅದಕ್ಕೆ ಕೊಳವೆಯಿಂದ್ಲೇ ಎಳ್ಕೊಂಡಿದೆ, ಹೊಗೆ ಸಮೇತ."

ಹೌದು. ಸಂದಿದ್ದ ಗೋಡೆಯಲ್ಲಿ ಅಣ್ಣ ಮೂವತ್ತು ವರ್ಷ ಹಬೆ ಕುಡಿದನೇ ಹೊರತು ಹೊಗೆ ಕುಡಿಯಲಿಲ್ಲ. ಮೇಣದ ಬತ್ತಿಯ ಜ್ವಾಲೆ ಅಲುಗಾಡಲಿಲ್ಲ ಎಂದು ನಾನು ಕರೆದು ತೋರಿಸಿದ್ದೆ. ಅಲ್ಲೇ ಇತ್ತು ಎಲ್ಲ.

ಉಳಿದ ಸಂದುಗಳನ್ನು ಕತ್ತಲಾಗುವವರೆಗೆ ನಾನೇ ಉಳಿ ಹಿಡಿದು ಬಿಡಿಸಿದೆ. ತುರುಕುವುದಕ್ಕಿಂತ ಬಿಡಿಸುವುದು ಕಷ್ಟ. ನಾನು ಗಟ್ಟಿಯಾಗಿಯೇ ತುರುಕಿದ್ದೆ.

ಏಪ್ರಿಲ್ 3

ಪಾಕ ಜೇನಿನ ಬಣ್ಣ. ಫ್ಲೋರಾಂಜ್ ಹೇಳುತ್ತಾಳೆ, ನಾನು ಹಗ್ಗ ಎಳೆಯುತ್ತೇನೆ.

ಏಪ್ರಿಲ್ 8

"ಪಡುವಣದ್ದು ಮುಚ್ಚು." ಮುಚ್ಚಿದೆ. "ಅರ್ಧ ತೆಗಿ." ತೆಗೆದೆ. "ಸೌದೆ." ಹಾಕಿದೆ. ಸೊಂಟ ನೋಯುತ್ತಿದೆ. ಅವಳು ಒಮ್ಮೆಯೂ ಅಂಚು ತಡವಲಿಲ್ಲ. ಎಲ್ಲ ಕಾಣುತ್ತದೆ. ಐದು ಪೀಪಾಯಿ ಒಳ್ಳೆಯದು.

ಒರ್ಮಿದಾಸ್ ಬಂದು ಬಾಗಿಲಲ್ಲಿ ನಿಂತು ಹಬೆ ಹೋಗುವುದನ್ನು ನೋಡಿದ. "ಪರ್ವಾಗಿಲ್ವೇ, ಕೊನೆಗೂ ಏನೋ ಮಾಡಿದೆ ನೀನು" ಎಂದ.

"ಗೋಡೆ ಒಡೆದಿದ್ದು ಅವಳು" ಎಂದೆ. ಯಾಕೆ ಹಾಗೆಂದೆನೋ. ಸುಸ್ತಾಗಿತ್ತು.

ಏಪ್ರಿಲ್ 15, ಬುಧವಾರ

ರಾತ್ರಿ ಹೆಪ್ಪುಗಟ್ಟುವುದು ನಿಂತಿದೆ. ಜೌಗಿನಲ್ಲಿ ಕಪ್ಪೆ ಕೂಗಿದವು. ಮೊಗ್ಗು ಕೆಂಪಾಗಿದೆ, ಇನ್ನು ಬರುವ ನೀರು ಕಹಿ. ಫ್ಲೋರಾಂಜ್ ಬಕೆಟ್ಟು ಇಳಿಸಲು ಶುರು ಮಾಡಿದಳು.

ಒಳ್ಳೆಯದು ಏಳು. ಹೊಗೆಯದು ಮೂರು. ಎಣಿಕೆಗೆ ಹತ್ತು.

ಏಪ್ರಿಲ್ 16, ಗುರುವಾರ

ಪೇಟೆಯ ವ್ಯಾಪಾರಿ ಬಂದ. ಉದ್ದ ಮೂಗಿನ, ಮಾತು ಕಡಿಮೆಯ ಮನುಷ್ಯ. ಏಳು ಪೀಪಾಯಿ ಮೂಸಿ, ರುಚಿ ನೋಡಿ, ಸೀಮೆಸುಣ್ಣದಲ್ಲಿ ಗುರುತು ಹಾಕಿದ. ಎಂಟನೆಯದರ ಬಿರಡೆ ತೆಗೆದು ಹಿಂದಕ್ಕೆ ಸರಿದ.

"ಅಮ್ಮಾ, ಇದರಲ್ಲಿ ಹಂದಿ ತೊಡೆ ಬೇಯಿಸಿದ್ರಾ?"

ಫ್ಲೋರಾಂಜ್ ಮುಖ ಕೆಂಪಾಯಿತು. "ಮೂರು ಹಾಗಿವೆ. ಬೆಲೆ ಕಮ್ಮಿ ಮಾಡ್ಕೊಳ್ಳಿ."

"ಕಮ್ಮಿ ಅಲ್ಲ, ಪುಕ್ಕಟೆ ಕೊಟ್ರೂ ಬೇಡ. ಮುಂಚೆ ಆದ್ರೆ ಜಗಿಯೋ ತಂಬಾಕಿಗೆ ಬೆರೆಸೋಕೆ ಅಮೆರಿಕದೋರು ಕೊಳ್ತಿದ್ರು. ಈ ವರ್ಷ ಅವರ ಪತ್ತೆನೇ ಇಲ್ಲ."

ಏಳನ್ನು ಲಾರಿಗೇರಿಸಿ ಹೋದ. ಅಣ್ಣ ಜಗಲಿಯ ಕುರ್ಚಿಯಲ್ಲಿ ಕೂತು ಎಲ್ಲ ನೋಡುತ್ತಿದ್ದ.

"ಅಣ್ಣಾ, ತಪ್ಪು ನಂದು. ಅವಳದ್ದಲ್ಲ" ಎಂದೆ.

"ಗೊತ್ತು ಕಣೋ. ಆದ್ರೆ ಮಾತು ಮಾತೇ. ಇದನ್ನ ಬಿಟ್ಟುಕೊಟ್ರೆ ನಾಳೆ ಅವಳೇ ನನ್ನನ್ನ ನಂಬಲ್ಲ. ಭಾನುವಾರ ಪೂಜೆ ಆದ್ಮೇಲೆ ಒರ್ಮಿದಾಸ್ ಬರ್ತಾನೆ."

ಫ್ಲೋರಾಂಜ್ ಒಳಗೆ ಹೋಗಿ ಬಕೆಟ್ಟು ತೊಳೆಯತೊಡಗಿದಳು. ಮುಂದಿನ ವರ್ಷಕ್ಕೆ ಎತ್ತಿಡುವಾಗ ತೊಳೆಯುವ ಹಾಗೆ, ಒಂದೊಂದನ್ನೂ ಬಿಸಿನೀರಲ್ಲಿ ಉಜ್ಜಿ ಉಜ್ಜಿ. ಮುಂದಿನ ವರ್ಷ ಯಾರಿಗೆ? ನಾನು ಒಂದು ಬಟ್ಟೆ ತೆಗೆದುಕೊಂಡು ಪಕ್ಕದಲ್ಲಿ ಕೂತು ಒರೆಸಿದೆ.

ಏಪ್ರಿಲ್ 17, ಶುಕ್ರವಾರ

ಇವತ್ತು ಒಬ್ಬ ಮನುಷ್ಯನನ್ನು ಹುಟ್ಟಿಸಿದೆ.

ಹೆಸರು ಶ್ರೀಮಾನ್ ಬಾಲ್ತಜಾರ್. ತಂಬಾಕಿನ ವ್ಯಾಪಾರಿ, ಗಡಿಯಾಚೆಯವನು. ಒಂದು ಚಿನ್ನದ ಹಲ್ಲು, ಹಸಿರು ಲಾರಿ, ಎಡಗಾಲು ಸ್ವಲ್ಪ ಕುಂಟು. ಕುಂಟು ಬೇಕಿರಲಿಲ್ಲ, ಆದರೆ ಹೇಳುತ್ತಾ ಬಂದುಬಿಟ್ಟಿತು. ರೈಲು ನಿಲ್ದಾಣದಲ್ಲಿ ಸಿಕ್ಕಿದ, ಹೊಗೆಯ ವಾಸನೆಯ ಪಾಕವೇ ಬೇಕೆಂದು ಮೂರು ಊರು ಅಲೆದಿದ್ದಾನೆ, ಒಳ್ಳೆ ಪಾಕದ ಬೆಲೆಯನ್ನೇ ಕೊಟ್ಟ ಎಂದು ಫ್ಲೋರಾಂಜ್ ಮುಂದೆ ನೋಟುಗಳನ್ನಿಟ್ಟೆ.

ಅವಳು ನೋಟು ಮುಟ್ಟಲಿಲ್ಲ. "ಅವನೇ ಯಾಕೆ ಬರ್ಲಿಲ್ಲ?"

"ಕಾಲು ಕುಂಟಲ್ವೇನೇ."

"ಲಾರಿ ಇದೆ ಅಂದೆ."

"ಲಾರಿಗೂ ಚಕ್ರ ಕೆಟ್ಟಿದೆ. ಪೀಪಾಯಿ ನಾನೇ ಗಾಡೀಲಿ ನಿಲ್ದಾಣಕ್ಕೆ ಮುಟ್ಟಿಸ್ತೀನಿ ಅಂತ ಮಾತು ಕೊಟ್ಟಿದ್ದೀನಿ."

ನನ್ನ ಮುಖವನ್ನೊಮ್ಮೆ, ನೋಟುಗಳನ್ನೊಮ್ಮೆ ನೋಡಿದಳು. ಜೀವಮಾನದಲ್ಲಿ ಹೇಳಿದ ಸುಳ್ಳುಗಳಲ್ಲಿ ಇಷ್ಟು ಕಳಪೆಯದು ಇನ್ನೊಂದಿಲ್ಲ. ಅಭ್ಯಾಸ ತಪ್ಪಿದೆ. ಕೊನೆಗೆ ನೋಟು ಎಣಿಸಿ, ಅಂಗಿಯ ಜೇಬಿಗೆ ಹಾಕಿಕೊಂಡಳು.

ಪೀಪಾಯಿಗಳನ್ನು ಗಾಡಿಗೆ ಹೇರಿ, ನಿಲ್ದಾಣದ ದಾರಿ ಹಿಡಿದು, ಚರ್ಚಿನ ಹಿಂದೆ ತಿರುಗಿ ನನ್ನ ಕೊಟ್ಟಿಗೆಗೆ ತಂದೆ. ಹುಲ್ಲು ಮುಚ್ಚಿದ್ದೇನೆ. ನನಗೆ ಇದರಿಂದ ಆದ ನಷ್ಟ ಇಪ್ಪತ್ತು ಡಾಲರು ಇರಬಹುದು. ಮೂವತ್ತು ಅಂತಿಟ್ಟುಕೊಳ್ಳೋಣ.

ಏಪ್ರಿಲ್ 19, ಭಾನುವಾರ

ಒರ್ಮಿದಾಸ್ ಹಬ್ಬದ ಕೋಟು ಹಾಕಿಕೊಂಡು ಬಂದಿದ್ದ. ಫ್ಲೋರಾಂಜ್ ದುಡ್ಡನ್ನು ಅಪ್ಪನ ಮುಂದಿಟ್ಟು, "ಹತ್ತೂ ಮಾರಿದೆ" ಎಂದಳು. ಅಣ್ಣ ಎಣಿಸಲಿಲ್ಲ. ಸಕ್ಕರೆಮನೆಯ ಕೀಲಿಕೈ ತೆಗೆದು, ಮಡಚಲಾಗದ ಬಲಗೈಯ ಮೇಲೇ ಇಟ್ಟು ಅವಳ ಕಡೆ ಚಾಚಿದ. ಅವಳು ತೆಗೆದುಕೊಂಡಳು.

"ತಂಬಾಕಿನೋನಂತೆ" ಎಂದ ಒರ್ಮಿದಾಸ್, ನನ್ನ ಕಡೆ ತಿರುಗಿ. "ಮೊನ್ನೆ ನಾನು ದಿನವಿಡೀ ನಿಲ್ದಾಣದಲ್ಲಿ ಹಲಗೆ ಹೇರಿಸ್ತಿದ್ದೆ ಕಣಯ್ಯಾ. ಯಾವ ಕುಂಟನನ್ನೂ ನೋಡ್ಲಿಲ್ಲ."

"ಬೇಗ ನಡೀತಾನೆ" ಎಂದೆ.

ಅವನು ಬಾಯಿ ತೆರೆದ. ಫ್ಲೋರಾಂಜ್‌ಳ ಕೈಯಲ್ಲಿದ್ದ ಕೀಲಿಯನ್ನು ನೋಡಿದ. ಬಾಯಿ ಮುಚ್ಚಿದ. ಹೋಗುವಾಗ ಬಾಗಿಲಲ್ಲಿ, "ಪಾರಿವಾಳ ಬೇರೆ ಕಡೆ ಸಾಕ್ತೀನಿ ಬಿಡು" ಎಂದ.

ಮೇ 3, ಭಾನುವಾರ

ನಿನ್ನೆ ಕಲ್ಲುಕುಟಿಗನ ಹತ್ತಿರ ಹೋಗಿ ಕಲ್ಲು ಬೇಡ ಎಂದು ಹೇಳಿಬಂದೆ. "ಸಾಯೋದು ಬಿಟ್ಯಾ?" ಎಂದು ಕೇಳಿದ. ಹಲಗೆಯ ಶಿಲುಬೆ ಸಾಕು, ಹೆಸರು ಮಾತ್ರ ಎಂದೆ. ಅಷ್ಟು ಅಕ್ಷರ ನಾನೇ ಕೆತ್ತಿಕೊಳ್ಳಬಲ್ಲೆ.

ಬೆಳಿಗ್ಗೆ ಪೂಜೆ ಮುಗಿಸಿ ಫ್ಲೋರಾಂಜ್ ಹೇಳದೆ ಕೇಳದೆ ಬಂದಳು. ನಾನು ದೋಸೆ ಹುಯ್ಯುತ್ತಿದ್ದೆ. ಮೇಜಿನ ಮೇಲೆ ಪಾಕದ ಜಾಡಿ ತೆರೆದೇ ಇತ್ತು. ಮುಚ್ಚುವಷ್ಟರಲ್ಲಿ ಕೂತುಬಿಟ್ಟಳು, ದೋಸೆ ಎಳೆದುಕೊಂಡು ಧಾರಾಳವಾಗಿ ಪಾಕ ಸುರಿದುಕೊಂಡಳು. ಮೊದಲ ತುತ್ತು ಬಾಯಿಗಿಟ್ಟು ಅಗಿಯುವುದನ್ನು ನಿಲ್ಲಿಸಿದಳು. ಆ ಹೊಗೆ ವಾಸನೆ ಈ ಮನೆಯ ಪರದೆಗೂ ಹತ್ತಿದೆ.

ಆದರೂ ಅದನ್ನು ಪೂರ್ತಿ ತಿಂದಳು. ಇನ್ನೊಂದು ಹಾಕು ಎಂದು ತಟ್ಟೆ ಚಾಚಿದಳು. ಅದನ್ನೂ ತಿಂದಳು.

ಎದ್ದು ಹೋಗುವಾಗ ಹೊಸ್ತಿಲ ಮೇಲೆ ನಿಂತು, ಬೆನ್ನು ತಿರುಗಿಸಿಕೊಂಡೇ ಕೇಳಿದಳು: "ಆ ಕುಂಟ ಸಾಹುಕಾರನಿಗೆ ಎಷ್ಟು ನಷ್ಟ ಆಯ್ತು ಚಿಕ್ಕಪ್ಪಾ?"

"ಅವನೇನು, ಕೋಟ್ಯಧೀಶ. ಅವನಿಗೆ ಅದು ಚಿಲ್ಲರೆ" ಎಂದೆ.

"ಮುಂದಿನ ವರ್ಷ ಹಗ್ಗ ಎಳೆಯೋಕೆ ಅವನೂ ಬರ್ತಾನಾ?"

"ಬರ್ತಾನೆ."

ಹೋದಳು. ಡಬ್ಬಿಯನ್ನು ಹಲಗೆಯ ಕೆಳಗಿಂದ ತೆಗೆದು ಮೇಜಿನ ಮೇಲಿಟ್ಟಿದ್ದೇನೆ. ಒಳಗೆ ಅಂಗಿಯ ಗುಂಡಿ ಒಂದಿದೆ, ಅಷ್ಟೇ. ಹೋದದ್ದು ಇಪ್ಪತ್ತಲ್ಲ, ಮೂವತ್ತೂ ಅಲ್ಲ. ಮುನ್ನೂರ ನಲವತ್ತೊಂದು ಡಾಲರು ಅರವತ್ತು ಸೆಂಟು.